ಬುಕಾನನ್ನನ ಗಿಡಮರಗಳೂ ಮೀನುಗಳೂ

ಬೇಸಗೆಯ ಕೊನೆಯಲ್ಲಿ ನಮ್ಮ ಸೀಮೆಯ ಕೆರೆಗಳಲ್ಲಿ ನೀರು ತಗ್ಗಿ ಬಲೆ ಬೀಳುವ ದಿನ ಏರಿಯ ಮೇಲೆ ನಿಂತು ನೋಡಿದವರಿಗೆ ಮೂರು ಹೆಸರುಗಳು ಕಿವಿಗೆ ಬೀಳದೆ ಇರಲಾರವು: ಕಾಟ್ಲ, ರೋಹು, ಮೃಗಾಲ್. ಗೆಂಡೆ, ಕುಚ್ಚು, ಕೊರವ, ಬಾಳೆಮೀನು ಎಂಬ ನಮ್ಮ ಮಾತುಗಳ ನಡುವೆ ಇವು ಪರಸ್ಥಳದಿಂದ ಬಂದು ಸೇರಿದವೆಂಬುದು ಕೇಳಿದ ಕೂಡಲೆ ಗೊತ್ತಾಗುತ್ತದೆ. ಇವು ಗಂಗಾತೀರದ ಬೆಸ್ತರ ಮಾತುಗಳು. ಈ ಮೀನುಗಳು ನಿಂತ ನೀರಿನಲ್ಲಿ ಸ್ವಭಾವತಃ ಮರಿಮಾಡುವುದಿಲ್ಲ. ೧೯೫೭ರಲ್ಲಿ ಹೀರಾಲಾಲ್ ಚೌಧುರಿಯವರು ಒಂದು ಬಗೆಯ ಗ್ರಂಥಿರಸವನ್ನು ಚುಚ್ಚಿ ಅವುಗಳಿಂದ ಮೊಟ್ಟೆಯಿಡಿಸುವ ಉಪಾಯವನ್ನು ಕಂಡುಹಿಡಿದ ಬಳಿಕ ಅವುಗಳ ಮರಿಗಳು ದೇಶದ ಎಲ್ಲ ಕಡೆಗೂ ಧಾರಾಳವಾಗಿ ದೊರೆಯುವಂತಾದವು; ಮರಿಗಳ ಜೊತೆಯಲ್ಲಿ ಹೆಸರುಗಳೂ ಪಯಣಮಾಡಿದವು.

ಆದರೆ ಈ ಹೆಸರುಗಳು ಇದಕ್ಕೂ ಮೊದಲೇ ಇನ್ನೊಂದು ದಾರಿಯಲ್ಲಿ ಪಯಣಮಾಡಿದ್ದವು. ಶಾಸ್ತ್ರಗ್ರಂಥಗಳಲ್ಲಿ ರೋಹು ಮೀನಿನ ಹೆಸರಿನಲ್ಲಿ "ರೋಹಿತ" ಎಂದೂ, ಕಾಟ್ಲದ ಹೆಸರಿನಲ್ಲಿ "ಕಟ್ಲ" ಎಂದೂ ಲ್ಯಾಟಿನ್ ವೇಷದಲ್ಲಿ ನಿಂತಿರುವುದು ಈ ಬಂಗಾಳಿ ಮಾತುಗಳೇ. ಅವುಗಳ ಪಕ್ಕದಲ್ಲಿ "ಹ್ಯಾಮಿಲ್ಟನ್, ೧೮೨೨" ಎಂಬ ಗುರುತು ಇರುತ್ತದೆ. ಈ ಹ್ಯಾಮಿಲ್ಟನ್ ಎಂಬಾತನು ಬೇರೆ ಯಾರೂ ಅಲ್ಲ. ಟಿಪ್ಪುಸುಲ್ತಾನನು ಮಡಿದ ಮರುವರ್ಷ ನಮ್ಮ ಸಂಸ್ಥಾನದ ಊರೂರುಗಳನ್ನು ಸುತ್ತಿ ಮೂರು ದಪ್ಪ ಸಂಪುಟಗಳ ಪ್ರವಾಸಕಥನವನ್ನು ಬರೆದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನನೇ. ತಾಯಿಯ ಕಡೆಯ ಆಸ್ತಿ ಕೈಸೇರಿದಾಗ ಆತನು ೧೮೧೮ರಲ್ಲಿ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದನು. ಅದರಿಂದಾಗಿ ಚರಿತ್ರೆಯನ್ನು ಓದುವವರು ಒಬ್ಬ ಬುಕಾನನ್ನನನ್ನೂ, ಮೀನುಗಳನ್ನು ಓದುವವರು ಒಬ್ಬ ಹ್ಯಾಮಿಲ್ಟನ್ನನನ್ನೂ ತಿಳಿದಿರುವರು. ಇಬ್ಬರೂ ಒಬ್ಬನೇ ಎಂಬುದು ಹಲವರ ಲಕ್ಷ್ಯಕ್ಕೆ ಬಂದಿಲ್ಲ.

ನಮ್ಮ ದೇಶದಲ್ಲಿ ಗಿಡಮರಗಳನ್ನೂ ಮೀನುಗಳನ್ನೂ ಎಣಿಸಿ ಬರೆದಿಡುವ ಕೆಲಸ ಪರಂಗಿಯವರಿಂದಲೇ ಆರಂಭವಾಯಿತೆಂದು ಭಾವಿಸುವುದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವಿದೆ. ಗಾಳ, ದಾರ, ಎರೆ ಇವುಗಳ ವಿಚಾರದ ಜೊತೆಗೆ ಮೂವತ್ತಕ್ಕೂ ಮೇಲ್ಪಟ್ಟ ಮೀನುಗಳನ್ನು ಆ ದೊರೆ ಹೆಸರಿಸಿ, ಕಡಲಿನವು, ಹೊಳೆಯವು ಎಂದೂ, ಹುರುಪೆಯುಳ್ಳವು, ಬರಿಯ ಚರ್ಮದವು ಎಂದೂ ವಿಂಗಡಿಸಿದ್ದಾನೆ. ಕನ್ನಡನಾಡಿನ ಅರಸನೊಬ್ಬನು ಮೀನಿನ ಮೈಯನ್ನು ಇಷ್ಟು ಹತ್ತಿರದಿಂದ ನೋಡಿದ್ದನೆಂಬುದು ನಮಗೆ ಹೆಮ್ಮೆಯ ಸಂಗತಿಯೇ ಸರಿ. ಗಿಡಗಳ ವಿಷಯಕ್ಕೆ ಬಂದರೆ, ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡನು ೧೬೭೮ರಿಂದ ೧೬೯೩ರ ವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚುಹಾಕಿಸಿದ ಹಾರ್ಟಸ್ ಮಲಬಾರಿಕಸ್ ಎಂಬ ಮಹಾಗ್ರಂಥವನ್ನು ನೆನೆಯಬೇಕು. ಅದರೊಳಗಿನ ತಿಳಿವಳಿಕೆಯ ಬಹುಭಾಗ ಇಟ್ಟಿ ಅಚ್ಯುತನೆಂಬ ಈಳವ ವೈದ್ಯನದು. ಅವನ ಜೊತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ಬ್ರಾಹ್ಮಣರದೂ ಪಾಲುಂಟು. ಅವರವರ ಪ್ರಮಾಣಪತ್ರಗಳನ್ನು ಅವರವರ ಲಿಪಿಯಲ್ಲಿಯೇ ಮೊದಲ ಸಂಪುಟದಲ್ಲಿ ಮುದ್ರಿಸಿದ್ದಾರೆ. ಈ ಮರ್ಯಾದೆಯನ್ನು ಕೇಳುವವರು ಸ್ವಲ್ಪ ನೆನಪಿನಲ್ಲಿಡಬೇಕು. ಮುಂದೆ ಬಂದವರು ಎಲ್ಲರೂ ಇದನ್ನು ಪಾಲಿಸಲಿಲ್ಲ.

ಬುಕಾನನ್ನನು ೧೭೬೨ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎಡಿನ್‌ಬರೋ ನಗರದಲ್ಲಿ ವೈದ್ಯವನ್ನು ಓದಿ, ೧೭೮೩ರಲ್ಲಿ ಪದವಿಯನ್ನು ಪಡೆದನು. ಆ ಕಾಲದಲ್ಲಿ ವೈದ್ಯನಾಗುವವನಿಗೆ ಮೂಲಿಕೆಯ ಜ್ಞಾನ ಬಿಟ್ಟು ಗತಿಯಿರಲಿಲ್ಲ. ಅವನಿಗೆ ಸಸ್ಯಶಾಸ್ತ್ರವನ್ನು ಕಲಿಸಿದ ಜಾನ್ ಹೋಪನು ಲಿನೇಯಸ್ಸನ ಪದ್ಧತಿಯಲ್ಲಿ ನಿಷ್ಣಾತ. ಹೂವಿನ ಕೇಸರ ಶಲಾಕೆಗಳನ್ನು ಎಣಿಸಿ ಗಿಡದ ಕುಲವನ್ನು ನಿರ್ಣಯಿಸುವ ಆ ಪದ್ಧತಿಯನ್ನು ಹೊತ್ತುಕೊಂಡು ಬುಕಾನನ್ನನು ಕೆಲವು ವರ್ಷ ಹಡಗುಗಳಲ್ಲಿ ವೈದ್ಯನಾಗಿದ್ದು, ೧೭೯೪ರಲ್ಲಿ ಬಂಗಾಳದ ಕುಂಪಣಿಯ ನೌಕರಿಗೆ ಸೇರಿದನು. ಮರುವರ್ಷ ಬರ್ಮಾ ದೇಶದ ಆವಾ ದರ್ಬಾರಿಗೆ ಹೋದ ರಾಯಭಾರದ ಜೊತೆಯಲ್ಲಿ ಹೋಗಿ ಗಿಡಗಳನ್ನು ಕೂಡಿಹಾಕಿದನು. ಬಳಿಕ ಪೂರ್ವಬಂಗಾಳದ ಲಕ್ಷ್ಮೀಪುರದ ಬಳಿ ಎರಡು ವರ್ಷ ಕಾಲ ಅವನಿಗೆ ಕೆಲಸ ಬಿತ್ತು. ಆ ಸೀಮೆ ನೀರಿನ ಸೀಮೆ, ನೆಲವೆಷ್ಟೋ ಹೊಳೆಯಷ್ಟು. ಅಲ್ಲಿಯ ಬೆಸ್ತರ ಬುಟ್ಟಿಗಳನ್ನು ನೋಡಿಯೇ ಅವನಿಗೆ ಮೀನಿನ ಹಂಬಲ ಹತ್ತಿತು.

ಶ್ರೀರಂಗಪಟ್ಟಣ ಬಿದ್ದ ಬಳಿಕ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಹೊಸದಾಗಿ ಕೈಗೆ ಬಂದ ನಾಡುಗಳ ಹುಟ್ಟುವಳಿಯೇನು, ಜನರು ಯಾರು, ಕಾಡಿನಲ್ಲಿ ಏನಿದೆ ಎಂಬುದನ್ನು ತಿಳಿಯಬೇಕಾಯಿತು. ಬುಕಾನನ್ನನು ೧೮೦೦ನೆಯ ಇಸವಿ ಏಪ್ರಿಲ್ ೨೩ರಂದು ಮದರಾಸನ್ನು ಬಿಟ್ಟು, ಬೆಂಗಳೂರು, ಶ್ರೀರಂಗಪಟ್ಟಣ, ಮಾಗಡಿ, ಸಿರಾ ಮುಂತಾದ ಕಡೆಗಳಲ್ಲಿ ತಿರುಗಿ, ಕೊಯಮತ್ತೂರಿನ ಮೇಲೆ ಮಲೆಯಾಳಕ್ಕಿಳಿದು, ಮಂಗಳೂರಿನಿಂದ ಕರಾವಳಿಯನ್ನು ಹಿಡಿದು ಬಡಗಲಾಗಿ ಹೋಗಿ, ಘಟ್ಟವನ್ನು ಹತ್ತಿ ಸೋದೆ, ಬನವಾಸಿ, ಇಕ್ಕೇರಿ, ನಗರಗಳನ್ನು ನೋಡಿಕೊಂಡು, ೧೮೦೧ರ ಜುಲೈ ೬ರಂದು ಮದರಾಸಿಗೆ ಹಿಂದಿರುಗಿದನು. ಇದು ಗೆದ್ದವನು ತನ್ನ ಗಳಿಕೆಯನ್ನು ಎಣಿಸಿಕೊಂಡ ಲೆಕ್ಕವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಎಣಿಸಿದವನಿಗೆ ವಸ್ತುವಿನ ಮೇಲೆ ನಿಜವಾದ ಆಸೆಯಿದ್ದುದರಿಂದ ಲೆಕ್ಕಕ್ಕಿಂತ ಹೆಚ್ಚಿನದು ಅದರಲ್ಲಿ ಸೇರಿಹೋಗಿದೆ.

ಉಷ್ಣದೇಶದ ಕಾಡಿನಲ್ಲಿ ಗಿಡಗಳನ್ನು ಗುರುತುಮಾಡುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿ ಹೇಳಬೇಕು. ಯೂರೋಪಿನ ಉತ್ತರಭಾಗದ ತೋಪುಗಳಲ್ಲಿ ಹತ್ತು ಹದಿನೈದು ಜಾತಿಯ ಮರಗಳನ್ನು ತಿಳಿದವನಿಗೆ ಕಾಡೇ ತಿಳಿದಂತೆ. ಅವು ಹೂಬಿಡುವುದೂ ಬಹುಮಟ್ಟಿಗೆ ಒಂದೇ ವಸಂತದಲ್ಲಿ. ನಮ್ಮ ಮಲೆನಾಡಿನಲ್ಲಿ ಒಂದು ಗುಡ್ಡದ ಒಂದು ಮಗ್ಗುಲಿನಲ್ಲಿಯೇ ಅದಕ್ಕಿಂತ ಎಷ್ಟೋ ಹೆಚ್ಚು ಜಾತಿಗಳಿವೆ. ಒಂದು ಮಾಘದಲ್ಲಿ ಹೂಬಿಟ್ಟರೆ ಇನ್ನೊಂದು ಆಷಾಢದಲ್ಲಿ. ಮತ್ತೊಂದು ಎರಡು ಮೂರು ವರ್ಷಕ್ಕೊಮ್ಮೆ. ಹೂವು ನೂರಡಿ ಮೇಲೆ, ನೋಡುವವನು ಕೆಳಗೆ. ಲಿನೇಯಸ್ಸನ ಪದ್ಧತಿಗೆ ಹೂವಿಲ್ಲದೆ ನಡೆಯದು. ದಾರಿಹೋಕನಿಗೆ ಹೂವಿಗಾಗಿ ಕಾಯಲು ಬಿಡುವಿಲ್ಲ. ಅಂಥ ಸಂಕಟದಲ್ಲಿ ಬುಕಾನನ್ನನು ಮಾಡಿದ ಉಪಾಯ ಸರಳವಾದುದು. ಕಾಡು ಬಲ್ಲ ಊರಿನವರನ್ನು ಕರೆಸಿ ಮರದ ಹೆಸರನ್ನು ಕೇಳಿ, ಆ ಕನ್ನಡದ ಹೆಸರನ್ನು ಮೊದಲು ಬರೆದುಕೊಂಡು, ಅದರ ಎದುರಿಗೆ ತಿಳಿದಲ್ಲಿ ಶಾಸ್ತ್ರದ ಹೆಸರನ್ನೂ, ಉಪಯೋಗವನ್ನೂ ಬರೆದನು. ಶಾಸ್ತ್ರದ ಹೆಸರು ಇಲ್ಲದ ಕಡೆ ಕನ್ನಡದ ಹೆಸರಿನಿಂದಲೇ ಲ್ಯಾಟಿನ್ ಹೆಸರನ್ನು ಕಟ್ಟಿ, ಇದು ತನ್ನ ಹಸ್ತಪ್ರತಿಯಲ್ಲಿರುವುದೆಂದು ಗುರುತುಹಾಕಿದನು. ಹೀಗೆ ನಮ್ಮ ಮತ್ತಿಯ ಮರ "ಮುತ್ತಿಯ" ಎಂದೂ, ಹುಲುವೆಯು "ಹುಲಿವ" ಎಂದೂ, ಅರಗಿನ ಹುಳುವನ್ನು ಸಾಕುವ ಜಾಲದ ಮರವು "ಜಾಲ" ಎಂದೂ ಅವನ ಪಟ್ಟಿಯಲ್ಲಿ ನಿಂತವು.

ನಿಂತವೆಂದೆನೇ ಹೊರತು, ಉಳಿದವೆಂದು ಹೇಳಲಾರೆ. ಶಾಸ್ತ್ರಜ್ಞರ ಕಟ್ಟಳೆಯಲ್ಲಿ ಹೆಸರಿನ ಜೊತೆಗೆ ಗಿಡದ ಲಕ್ಷಣವನ್ನು ಅಚ್ಚುಹಾಕಿಸದ ಹೊರತು ಆ ಹೆಸರಿಗೆ ಬೆಲೆಯಿಲ್ಲ. ಬುಕಾನನ್ನನ ಲಕ್ಷಣಗಳು ಹಸ್ತಪ್ರತಿಯಲ್ಲಿಯೇ ಉಳಿದವು. ೧೮೦೭ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಮೂರು ಸಂಪುಟಗಳಲ್ಲಿ ಬಂದದ್ದು ಬರಿಯ ದಿನಚರಿ. ಅವನು ಬೆಂಗಳೂರಿಗೆ ಬಂದ ವರ್ಷವೇ ಲಾಲ್‌ಬಾಗಿನ ಮೇಲ್ವಿಚಾರಣೆ ಬೆಂಜಮಿನ್ ಹೈನೆ ಎಂಬ ಇನ್ನೊಬ್ಬ ಸಸ್ಯಜ್ಞನ ಪಾಲಿಗೆ ಬಂದಿತ್ತು. ಹೈನೆಯು ಕಳಿಸಿದ ಒಣಗಿಡಗಳನ್ನು ನೋಡಿ ಜರ್ಮನಿಯ ರೋತ್ ಎಂಬುವನು ೧೮೨೧ರಲ್ಲಿ ನಮ್ಮ ಹುಲುವೆಗೆ ಲಕ್ಷಣಸಮೇತವಾಗಿ ಬೇರೊಂದು ಹೆಸರನ್ನು ಕೊಟ್ಟನು. ಆ ಹೆಸರೇ ನಿಂತಿತು. ಹುಲುವೆಯೆಂಬ ಕನ್ನಡ ಮಾತು ಜಗತ್ತಿನ ಸಸ್ಯಕೋಶದ ಬಾಗಿಲ ವರೆಗೆ ಹೋಗಿ ಹಿಂದಕ್ಕೆ ಬಂದಿತು. ನಷ್ಟ ದೊಡ್ಡದೇನೂ ಅಲ್ಲ, ಮರವಂತೂ ನಮ್ಮ ಕಾಡಿನಲ್ಲಿದೆ. ಆದರೂ ನನಗೆ ಅದನ್ನು ಓದಿದಾಗಲೆಲ್ಲ ಸ್ವಲ್ಪ ಕಸಿವಿಸಿಯಾಗುತ್ತದೆ.

ಇಲ್ಲಿ ಕಲಿತ ಈ ಉಪಾಯವನ್ನೇ ಬುಕಾನನ್ನನು ಬಂಗಾಳದ ನೀರಿನಲ್ಲಿ ಪ್ರಯೋಗಿಸಿ ಗೆದ್ದನು. ನೇಪಾಳಕ್ಕೆ ಹೋಗಿಬಂದು, ಕಲ್ಕತ್ತೆಯ ಹತ್ತಿರ ಬಾರಕ್‌ಪುರದಲ್ಲಿ ವೆಲ್ಲೆಸ್ಲಿಯು ಏರ್ಪಡಿಸಿದ್ದ ಪ್ರಾಣಿಸಂಗ್ರಹವನ್ನು ಕೆಲಕಾಲ ನೋಡಿಕೊಂಡು, ೧೮೦೭ರಿಂದ ೧೮೧೪ರ ವರೆಗೆ ದಿನಾಜಪುರ, ರಂಗಪುರ, ಪೂರ್ಣಿಯಾ, ಭಾಗಲಪುರ, ಪಾಟ್ನಾ, ಗಯಾ, ಶಹಾಬಾದು, ಗೋರಖಪುರ ಈ ಜಿಲ್ಲೆಗಳನ್ನು ಒಂದೊಂದಾಗಿ ಪರಿಶೀಲಿಸಿದನು. ಇದು ದಾರಿಹೋಕನ ನೋಟವಲ್ಲ. ಮಳೆಗಾಲದಲ್ಲಿ ಒಂದು ಊರಿನಲ್ಲಿ ನೆಲಸಿ, ನೀರು ಇಳಿದ ಮೇಲೆ ಹೊರಟು, ಬೆಸ್ತರ ಬಲೆಗಳೆಷ್ಟು ಬಗೆ, ಯಾವ ಹೊಳೆಯಲ್ಲಿ ಯಾವ ತಿಂಗಳು ಯಾವ ಮೀನು ಎಂಬುದನ್ನೆಲ್ಲ ವಿಚಾರಿಸಿದನು. ಮೀನು ಮರದಂತಲ್ಲ, ಹೂವಿಗಾಗಿ ಕಾಯಬೇಕಾದುದಿಲ್ಲ. ಹುರುಪೆಗಳನ್ನೂ, ಈಜುರೆಕ್ಕೆಯ ಮುಳ್ಳುಗಳನ್ನೂ, ಮೀಸೆಗಳನ್ನೂ ಯಾವ ದಿನವಾದರೂ ಎಣಿಸಬಹುದು. ಅದಕ್ಕೆ ಬೇರೆ ತೊಡಕಿದೆ: ಬಿಸಿಲಿನ ದೇಶದಲ್ಲಿ ಅದು ಸಾಯಂಕಾಲದೊಳಗೆ ಕೆಡುತ್ತದೆ, ಬಣ್ಣವಂತೂ ಗಳಿಗೆಯೊಳಗೆ ಹೋಗುತ್ತದೆ. ಆದುದರಿಂದ ಅವನು ಬಂಗಾಳಿ ಚಿತ್ರಕಾರರನ್ನು ಜೊತೆಯಲ್ಲಿಟ್ಟುಕೊಂಡು ಹೊಸ ಮೀನು ಹೊಸದಾಗಿರುವಾಗಲೇ ಚಿತ್ರಬರೆಯಿಸಿದನು.

ಗಂಗೆ ಮತ್ತು ಅದರ ಉಪನದಿಗಳ ಮೀನುಗಳನ್ನು ಕುರಿತ ಅವನ ಗ್ರಂಥ ೧೮೨೨ರಲ್ಲಿ ಎಡಿನ್‌ಬರೋ ನಗರದಲ್ಲಿ ಹೊರಬಂದಿತು. ಸುಮಾರು ೨೭೦ ಜಾತಿಯ ಮೀನುಗಳ ಲಕ್ಷಣಗಳು ಅದರಲ್ಲಿವೆ. ೩೯ ಫಲಕಗಳಲ್ಲಿ ೯೭ ಚಿತ್ರಗಳು. ಒಂದೇ ನದೀಮಂಡಲದಿಂದ ಒಬ್ಬನೇ ಮನುಷ್ಯ ಇಷ್ಟನ್ನು ಹೊರತೆಗೆದುದು ಅಪೂರ್ವ. ಅದಕ್ಕಿಂತ ಅಪೂರ್ವವಾದುದು ಅವುಗಳ ಹೆಸರು. ರೋಹಿತ, ಕಟ್ಲ, ಮೃಗಾಲ, ಮಾಗುರ, ಇಲಿಶ, ಟೆಂಗರ, ಪಾಬ್ದ — ಬೆಸ್ತನು ಬುಟ್ಟಿಯಿಂದ ಎತ್ತಿ ಹೇಳಿದ ಮಾತುಗಳನ್ನು ಅವನು ತಿದ್ದದೆ, ಗ್ರೀಕಿಗೆ ಮಾರ್ಪಡಿಸದೆ, ಹಾಗೆಯೇ ಶಾಸ್ತ್ರಕ್ಕೆ ಕೊಟ್ಟನು. ಈ ಸಲ ಲಕ್ಷಣಗಳೂ ಜೊತೆಯಲ್ಲಿ ಅಚ್ಚಾದುದರಿಂದ ಹೆಸರುಗಳು ಉಳಿದವು. ಪುಂಟಿಯಸ್, ಡಾನಿಯೋ, ಗಾರ ಎಂಬ ಕುಲನಾಮಗಳೂ ಇದೇ ಗ್ರಂಥದಲ್ಲಿ ಹುಟ್ಟಿದವು. ಕೋಸಿ ನದಿಯಿಂದ ಬಂದ, ಬೆರಳಿನಷ್ಟೂ ಉದ್ದವಿಲ್ಲದ ಪಟ್ಟೆಪಟ್ಟೆಯ ಒಂದು ಮೀನಿಗೆ ಅವನು "ರೇರಿಯೋ" ಎಂದು ಹೆಸರಿಟ್ಟನು. ಸಂತೆಯಲ್ಲಿ ಯಾರೂ ಕೊಳ್ಳದ ಆ ಮೀನು ಇಂದು ಜಗತ್ತಿನ ಜೀವಶಾಸ್ತ್ರದ ಪ್ರಯೋಗಶಾಲೆಗಳಲ್ಲೆಲ್ಲ ಸಾಕಲ್ಪಡುತ್ತಿದೆ; ೨೦೧೩ರಲ್ಲಿ ಅದರ ಆನುವಂಶಿಕ ಲಿಪಿಯನ್ನು ಪೂರ್ತಿಯಾಗಿ ಓದಿ, ಮನುಷ್ಯನ ಜೀನುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತಕ್ಕೆ ಅದರಲ್ಲಿ ಸರಿಜೋಡಿಗಳಿವೆಯೆಂದು ಪ್ರಕಟಿಸಿದರು. ಎಲ್ಲವನ್ನೂ ಬರೆದಿಡುವವನು ಉಪಯೋಗವಿಲ್ಲದ್ದನ್ನೂ ಬರೆದಿಡುವುದರ ಫಲ ಇದು.

ಬೆಸ್ತರ ಮಾತು ಉಳಿಯಿತು, ಬೆಸ್ತರು ಉಳಿಯಲಿಲ್ಲ. ಇಟ್ಟಿ ಅಚ್ಯುತನಿಗೆ ಡಚ್ಚರ ಗ್ರಂಥದಲ್ಲಿ ದೊರೆತ ಸ್ಥಾನ ಗಂಗಾತೀರದ ಯಾವ ಬೆಸ್ತನಿಗೂ ದೊರೆಯಲಿಲ್ಲ.

ಬುಕಾನನ್ನನಿಗೂ ಒಂದು ಅನ್ಯಾಯವಾಯಿತು. ರಾಕ್ಸ್‌ಬರ್ಗನ ಬಳಿಕ ೧೮೧೪ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರ ಅವನಿಗೆ ಬಂದಿತು. ಆದರೆ ದೇಹಸ್ಥಿತಿ ಕೆಟ್ಟು ಮರುವರ್ಷವೇ ಸ್ವದೇಶಕ್ಕೆ ಹೊರಟನು. ಹೊರಡುವಾಗ ಇಪ್ಪತ್ತು ವರ್ಷದ ಚಿತ್ರಗಳನ್ನು ಲಂಡನ್ನಿಗೆ ಕೊಂಡೊಯ್ದು ಕುಂಪಣಿಯ ನಿರ್ದೇಶಕರಿಗೆ ಒಪ್ಪಿಸಬೇಕೆಂದಿದ್ದನು. ಗವರ್ನರ್ ಜನರಲ್ ಹೇಸ್ಟಿಂಗ್ಸ್ ಪ್ರಭುವು ಅವು ಸರ್ಕಾರದ ಸ್ವತ್ತೆಂದು ಹೇಳಿ ಕಲ್ಕತ್ತೆಯಲ್ಲಿಯೇ ತಡೆಹಿಡಿದನು. ಮೀನಿನ ಗ್ರಂಥದಲ್ಲಿ ೨೭೦ ಜಾತಿಗೆ ೯೭ ಚಿತ್ರಗಳು ಮಾತ್ರ ಇರುವುದೇಕೆಂಬುದಕ್ಕೆ ಇದೇ ಕಾರಣ. ಈ ಜಗಳ ಸಣ್ಣದೆಂದು ಎಣಿಸಬಾರದು. ಬುಕಾನನ್ನನು ಹೆಸರಿಟ್ಟ ಮೀನುಗಳ ದೇಹಗಳು ಯಾವ ಸಂಗ್ರಹಾಲಯದಲ್ಲಿಯೂ ಉಳಿದಿಲ್ಲ. ಒಂದು ಹೆಸರು ಯಾವ ಮೀನಿಗೆ ಸೇರಿದುದೆಂಬ ವಿವಾದ ಬಂದರೆ ಚಿತ್ರವೇ ಸಾಕ್ಷಿ. ಆ ಸಾಕ್ಷಿಗಳು ಕಲ್ಕತ್ತೆಯಲ್ಲಿ, ಗ್ರಂಥಕರ್ತನು ಸ್ಕಾಟ್ಲೆಂಡಿನಲ್ಲಿ. ಅವನು ೧೮೨೯ರಲ್ಲಿ ತೀರಿಕೊಂಡನು. ಹತ್ತು ವರ್ಷದ ಬಳಿಕ ಮೆಕ್ಲೆಲ್ಯಾಂಡನು ಆ ಚಿತ್ರಗಳಲ್ಲಿ ಕೆಲವನ್ನು ಬಳಸಿಕೊಂಡನು. ಪೂರ್ತಿಯಾಗಿ ಅವುಗಳನ್ನು ಗ್ರಂಥದೊಡನೆ ಹೋಲಿಸಿನೋಡಿ ಶಂಕೆಗಳನ್ನು ಬಗೆಹರಿಸುವ ಪ್ರಯತ್ನವನ್ನು ಮಾಡಿದವರು ಸುಂದರಲಾಲ್ ಹೋರಾ ಅವರು. ಅದು ೧೯೨೯ರಲ್ಲಿ, ಬುಕಾನನ್ನನು ಸತ್ತು ಸರಿಯಾಗಿ ನೂರು ವರ್ಷಕ್ಕೆ.

ಮೈಸೂರಿನ ಹೊಳೆಗಳ ಮೀನುಗಳಿಗೆ ಮಾತ್ರ ಬುಕಾನನ್ನನಂಥವನು ಬಹುಕಾಲ ದೊರೆಯಲಿಲ್ಲ. ೧೮೪೯ರಲ್ಲಿ ಜರ್ಡನ್ನನೂ, ೧೮೭೫ರಿಂದ ೧೮೭೮ರ ವರೆಗೆ ಫ್ರಾನ್ಸಿಸ್ ಡೇಯೂ ಬರೆದ ಗ್ರಂಥಗಳಲ್ಲಿ ನಮ್ಮ ಕಡೆಯ ಮೀನುಗಳು ಬಂದಿವೆಯಾದರೂ, ಇಲ್ಲಿಯೇ ಇದ್ದು ಹೊಳೆಗಿಳಿದು ನೋಡಿದವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು. ೧೯೩೨ರಲ್ಲಿ ಆರಂಭವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲನೆಯ ಸಂಪಾದಕರೂ ಅವರೇ. ರಾಯರು ಕಪ್ಪೆಗಳ ಪಂಡಿತರೆಂದು ಪ್ರಸಿದ್ಧರು. ೨೦೧೦ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರ ಹೆಸರನ್ನೇ ಸೇರಿಸಿ ಇಟ್ಟಿರುವರು. ಆದರೆ ೧೯೨೦ರಲ್ಲಿ ಅವರು ಮೈಸೂರು ಸೀಮೆಯ ಹೊಸ ಮೀನುಗಳನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಅದರಲ್ಲಿ ತುಂಗಾನದಿಯ ಒಂದು ಮೀನು ಇದೆ. ಗದ್ದದ ಕೆಳಗಿನ ಬಟ್ಟಲಿನಂಥ ಅಂಗದಿಂದ ಬಂಡೆಗೆ ಅಂಟಿಕೊಂಡು ಸೆಳವಿನಲ್ಲಿಯೂ ಕದಲದೆ ನಿಲ್ಲುವ ಜಾತಿ ಅದು. ಮೂತಿಯ ಮೇಲೆ ಕೊಂಬಿನಂಥ ಎರಡು ಮುಂಚಾಚುಗಳಿವೆ. ರಾಯರು ಅದನ್ನು "ಗಾರ" ಕುಲಕ್ಕೆ ಸೇರಿಸಿ ಎರಡು ಕೊಂಬಿನದು ಎಂಬ ಅರ್ಥದ ಹೆಸರನ್ನಿಟ್ಟರು. ಬುಕಾನನ್ನನು ಗಂಗೆಯಲ್ಲಿ ಕಟ್ಟಿದ ಕುಲದೊಳಗೆ ತುಂಗೆಯ ಮೀನು ಹೀಗೆ ಬಂದು ಸೇರಿತು.

ಕೂಡಿದ ಪಟ್ಟಿಗಳಿಂದ ಏನು ತಿಳಿಯುತ್ತದೆಂದು ಕೇಳುವವರಿಗೆ ಮುಂದಿನ ಇಪ್ಪತ್ತೈದು ವರ್ಷದ ಕೆಲಸ ಉತ್ತರವಾಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಭೀಮಾಚಾರ್ ಅವರು ಸಹಾಧ್ಯಾಯಿಯೊಬ್ಬರೊಡನೆ ೧೯೪೧ರಲ್ಲಿ ಕಡೂರು ಜಿಲ್ಲೆಯ ಮೀನುಗಳ ಪಟ್ಟಿಯನ್ನು ಪ್ರಕಟಿಸಿದರು. ೧೯೪೫ರಲ್ಲಿ ತೊರೆಮೀನುಗಳು ಯಾವುವು ಎಲ್ಲಿವೆ ಎಂಬುದೊಂದನ್ನೇ ಆಧಾರಮಾಡಿಕೊಂಡು ಪಶ್ಚಿಮಘಟ್ಟಗಳನ್ನು ಭಾಗಗಳಾಗಿ ವಿಂಗಡಿಸಿ ತೋರಿಸಿದರು. ಹೋರಾ ಅವರಿಗೆ ಇನ್ನೂ ದೊಡ್ಡದೊಂದು ಪ್ರಶ್ನೆ ಹೊಳೆಯಿತು. ಮಲೆನಾಡಿನ ತೊರೆಗಳಲ್ಲಿರುವ ಕೆಲವು ಮೀನುಗಳ ಹತ್ತಿರದ ನಂಟರು ಇರುವುದು ಅಸ್ಸಾಮು ಮಲಯಾಗಳಲ್ಲಿ; ನಡುವಣ ಬಯಲುಸೀಮೆಯಲ್ಲಿ ಅವು ಇಲ್ಲವೇ ಇಲ್ಲ. ಸೆಳವಿನ ಮೀನು ಬಯಲಿನ ನಿಧಾನದ ನೀರಿನಲ್ಲಿ ಬಾಳಲಾರದಷ್ಟೆ. ಹಾಗಾದರೆ ಬಂದದ್ದು ಹೇಗೆ? ಸಾತ್ಪುರ ಬೆಟ್ಟಗಳ ಸಾಲು ಹಿಂದೆ ಹೆಚ್ಚು ಎತ್ತರವಾಗಿ, ಹೆಚ್ಚು ಮಳೆಯುಳ್ಳದಾಗಿದ್ದು, ಪೂರ್ವದಿಂದ ಪಶ್ಚಿಮಕ್ಕೆ ಸೇತುವೆಯಾಗಿ ನಿಂತಿತ್ತೆಂದು ಅವರು ವಾದಿಸಿದರು. ಈ ವಾದವನ್ನು ಈಚಿನವರೆಲ್ಲರೂ ಒಪ್ಪುವುದಿಲ್ಲ. ಆದರೆ ಪ್ರಶ್ನೆ ಹುಟ್ಟಿದ್ದು ಪಟ್ಟಿಯಿಂದಲೇ.

ಪಟ್ಟಿಯಲ್ಲಿ ಬಾರದೆ ಉಳಿದ ಒಂದು ಮೀನಿನ ಕಥೆಯನ್ನು ಹೇಳಬೇಕಾಗಿದೆ. ಕಾವೇರಿಯ ಮಡುಗಳಲ್ಲಿ ಕಿತ್ತಿಳೆಬಣ್ಣದ ರೆಕ್ಕೆಗಳೂ ಎದ್ದ ಗೂನುಬೆನ್ನೂ ಉಳ್ಳ ಮಹಸೀರ್ ಮೀನೊಂದಿತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಥಾಮಸನು ೧೮೭೩ರಲ್ಲಿ ಗಾಳದ ಬೇಟೆಯನ್ನು ಕುರಿತು ಬರೆದ ಪುಸ್ತಕದಿಂದ ಅದು ವಿಲಾಯತಿಯ ಬೇಟೆಗಾರರಿಗೆಲ್ಲ ಪರಿಚಿತವಾಗಿತ್ತು. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ೧೨೦ ಪೌಂಡು ತೂಕದ ಮೀನನ್ನು ಹಿಡಿದರು. ಇಷ್ಟು ಹೆಸರಾದ ಮೀನಿಗೆ ಶಾಸ್ತ್ರದಲ್ಲಿ ಹೆಸರಿರಲಿಲ್ಲ! ಇದೂ ಉಳಿದ ಮಹಸೀರುಗಳಲ್ಲಿ ಒಂದಾಗಿರಬೇಕೆಂದು ಎಲ್ಲರೂ ಭಾವಿಸಿ ಸುಮ್ಮನಿದ್ದರು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮಹಸೀರಿನ ಸಂತತಿಯನ್ನು ಹೆಚ್ಚಿಸುವ ಸದುದ್ದೇಶದಿಂದಲೇ ಲೋನಾವಳದ ಮರಿಕೇಂದ್ರದಿಂದ ತಂದ ನೀಲಿರೆಕ್ಕೆಯ ಮಹಸೀರನ್ನು ಕಾವೇರಿಗೆ ಬಿಟ್ಟರು. ಅದು ಬೇರೆ ಜಾತಿ. ೧೮೩೯ರಲ್ಲಿ ಸೈಕ್ಸನು ಪೂನಾ ಕಡೆಯ ಹೊಳೆಯಿಂದ ವರ್ಣಿಸಿದುದು. ಬಂದ ಮೀನು ಬೆಳೆದು ಹೊಳೆಯನ್ನು ತುಂಬಿಕೊಂಡಿತು, ಇದ್ದ ಮೀನು ಕಾಣೆಯಾಗುತ್ತ ಬಂದಿತು. ಮಹಸೀರು ಹೆಚ್ಚಿದೆಯೆಂದು ಲೆಕ್ಕ ಹೇಳುತ್ತಿದ್ದ ಕಾಲದಲ್ಲಿಯೇ ಗೂನುಬೆನ್ನಿನ ಮಹಸೀರು ಮುಗಿಯುತ್ತಿತ್ತು. ಎರಡಕ್ಕೂ ಒಂದೇ ಹೆಸರಿದ್ದುದರಿಂದ ಲೆಕ್ಕದಲ್ಲಿ ಅದು ಕಾಣಲಿಲ್ಲ.

೨೦೧೮ರಲ್ಲಿ ಸಂಶೋಧಕರು ಅದರ ದೇಹವನ್ನೂ ಆನುವಂಶಿಕ ಗುರುತುಗಳನ್ನೂ ಪರೀಕ್ಷಿಸಿ, ಕೇರಳದ ಪಾಂಬಾರ್ ನದಿಯಿಂದ ಹಿಂದೆಯೇ ವರ್ಣಿತವಾಗಿದ್ದ "ಟಾರ್ ರೇಮಾದೇವಿ" ಎಂಬುದೇ ಕಾವೇರಿಯ ಈ ಮೀನೆಂದು ನಿರ್ಣಯಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಪಟ್ಟಿಯೊಂದಕ್ಕೆ ಸೇರಿದ ವರ್ಷವೇ ಇನ್ನೊಂದು ಪಟ್ಟಿಗೂ ಸೇರಬೇಕಾಯಿತು. ಅದರ ಕುಲನಾಮವಾದ "ಟಾರ್" ಎಂಬುದೂ ಬುಕಾನನ್ನನ ೧೮೨೨ರ ಗ್ರಂಥದಿಂದ ಬಂದ ಮಾತು.

ಆ ಮೀನು ಇನ್ನೂ ಉಳಿದಿರುವ ಕೆಲವೇ ನೀರುಗಳಲ್ಲಿ ಮೋಯಾರ್ ನದಿಯೊಂದು. ಅದು ಭವಾನಿಯನ್ನು ಕೂಡುವ ಎಡೆಯಲ್ಲಿ ದಣ್ಣಾಯಕನಕೋಟೆಯೆಂಬ ಹಳೆಯ ಊರಿತ್ತು. ಹೊಯ್ಸಳರ ದಂಡನಾಯಕರ ನೆನಪನ್ನು ಹೊತ್ತ ಹೆಸರು. ೧೮೦೦ನೆಯ ಇಸವಿಯಲ್ಲಿ ಕೊಯಮತ್ತೂರಿನ ದಾರಿಯಲ್ಲಿ ಬುಕಾನನ್ನನು ಅಲ್ಲಿ ತಂಗಿದ್ದನು. ಅವನು ಮೀನಿನ ಗ್ರಂಥವನ್ನು ಅಚ್ಚುಮಾಡಿಸುವುದಕ್ಕೆ ಆಗ ಇನ್ನೂ ಇಪ್ಪತ್ತೆರಡು ವರ್ಷವಿತ್ತು. ಮಾಡಿಸಿದಾಗಲೂ ಅದು ಗಂಗೆಯ ಮೀನುಗಳಿಗೆ ಮೀಸಲಾಯಿತು. ೧೯೫೫ರಲ್ಲಿ ಭವಾನಿಸಾಗರದ ಕಟ್ಟೆ ಮುಗಿದು ಆ ಊರು ನೀರಿನೊಳಗಾಯಿತು.